ಕಾಮಿಕ್ಸ್ ಕಟ್ಟೆ: ಸತ್ತವರು, ಎದ್ದು ಬಂದವರು, ನಾಲ್ಕು ಸಲ ಹುಟ್ಟಿದವರು

ಈ ಸಲದ ಪತ್ರಗಳಲ್ಲಿ ಅರ್ಧಕ್ಕರ್ಧ ಜಗಳ. ಹಳೆಯ ಸೂಪರ್‌ಹೀರೋ ಕಥೆಗಳು ಒಂದಕ್ಕೊಂದು ತಾಳೆ ಆಗುವುದಿಲ್ಲ, ಯಾವುದನ್ನು ನಂಬಬೇಕು ಅನ್ನುವುದೇ ಎಲ್ಲರ ತಕರಾರು. ಒಳ್ಳೆಯದೇ ಆಯಿತು. ಬರೀ ಹೊಗಳಿಕೆಯ ಪತ್ರಕ್ಕೆ ಉತ್ತರ ಬರೆಯಲು ನನಗೂ ಬೇಜಾರು.

ಪ್ರಶ್ನೆ: ಹಳೆಯ ಸೂಪರ್‌ಮ್ಯಾನ್ ಕಾಮಿಕ್ಸ್ ಓದೋಣ ಅಂತ ಕೂತೆ. ಯಾರನ್ನು ಕೇಳಿದರೂ ‘ಕ್ರೈಸಿಸ್‌ಗೆ ಮುಂಚೆ’, ‘ಕ್ರೈಸಿಸ್ ಆದ ಮೇಲೆ’ ಅಂತಾರೆ. ಏನಿದು ಕ್ರೈಸಿಸ್? ಅದನ್ನು ಓದದಿದ್ದರೆ ನಡೆಯುತ್ತಾ?
– ಕಾಲೇಜು ವಿದ್ಯಾರ್ಥಿ, ಹಾಸನ

ನಡೆಯುತ್ತೆ. ಆದರೂ ಅದರ ಕಥೆ ಕೇಳಿ, ಮಜಾ ಇದೆ.

ಮಿಂಚಿನ ವೇಗದಲ್ಲಿ ಓಡುವ ಫ್ಲ್ಯಾಶ್ ಎಂಬ ಹೀರೋ ಇದ್ದಾನಲ್ಲ, 1940ರಲ್ಲಿ ಅವನು ಅಂದರೆ ಜೇ ಗ್ಯಾರಿಕ್. ತಲೆಗೆ ರೆಕ್ಕೆ ಇರುವ ಲೋಹದ ಟೋಪಿ. ಕೆಲವು ವರ್ಷಕ್ಕೆ ಅವನ ಪುಸ್ತಕ ನಿಂತುಹೋಯಿತು. 1956ರಲ್ಲಿ, ಸೂಪರ್‌ಮ್ಯಾನ್ ಕಾಮಿಕ್ಸ್ ಹೊರತರುವ ಡಿಸಿ ಕಂಪನಿ ಹೊಸ ಫ್ಲ್ಯಾಶ್‌ನನ್ನು ತಂದಿತು, ಅವನೇ ಬ್ಯಾರಿ ಅಲೆನ್. ಈ ಬ್ಯಾರಿ ಜೇ ಗ್ಯಾರಿಕ್‌ನ ಕಾಮಿಕ್ಸ್ ಓದುವವನು! ಅಂದರೆ ಅವನ ಲೋಕದಲ್ಲಿ ಜೇ ಬರೀ ಕಥೆಯ ಪಾತ್ರ. 1961ರಲ್ಲಿ ಫ್ಲ್ಯಾಶ್ 123ನೇ ಸಂಚಿಕೆಯಲ್ಲಿ ಇಬ್ಬರೂ ಮುಖಾಮುಖಿಯಾದರು. ಒಂದೇ ಜಾಗದಲ್ಲಿ ಎರಡು ಭೂಮಿಗಳಿವೆ, ಅವುಗಳ ಕಂಪನ ಬೇರೆ ಬೇರೆ, ಅಷ್ಟೇ ಅಂತ ವಿವರಣೆ ಬಂತು. ಹಾಗಾದರೆ ಆ ಭೂಮಿಯ ಜೇ ಈ ಭೂಮಿಯ ಕಾಮಿಕ್ಸ್‌ನಲ್ಲಿ ಹೇಗೆ ಬಂದ? ಗಾರ್ಡನರ್ ಫಾಕ್ಸ್ ಎಂಬ ಬರಹಗಾರನಿಗೆ ನಿದ್ದೆಯಲ್ಲಿ ಆ ಲೋಕ ಕಾಣುತ್ತಿತ್ತಂತೆ. ಈ ಕಥೆ ಬರೆದವರೂ ಗಾರ್ಡನರ್ ಫಾಕ್ಸ್ ಅವರೇ. ತಮ್ಮ ಹೆಸರನ್ನೇ ಸಾಕ್ಷಿಗೆ ನಿಲ್ಲಿಸಿದ ಆ ಧೈರ್ಯ ನನಗೆ ತುಂಬಾ ಇಷ್ಟ.

ಆಮೇಲೆ ಭೂಮಿಗಳು ಹೆಚ್ಚುತ್ತಾ ಹೋದವು. ಹೀರೋಗಳೆಲ್ಲ ಕಳ್ಳರಾಗಿರುವ ಒಂದು ಭೂಮಿ, ನಾಜಿಗಳು ಯುದ್ಧ ಗೆದ್ದ ಒಂದು ಭೂಮಿ. ಹೊಸ ಓದುಗರಿಗೆ ಇದು ತಲೆನೋವು ಅಂತ ಕಂಪನಿಗೆ ಅನಿಸಿತು. ಅದಕ್ಕೇ 1985ರಲ್ಲಿ ಮಾರ್ವ್ ವುಲ್ಫ್‌ಮನ್ ಬರೆದು ಜಾರ್ಜ್ ಪೆರೇಜ್ ಚಿತ್ರ ಬಿಡಿಸಿದ ‘ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ತ್ಸ್’ ಬಂತು. ಹನ್ನೆರಡು ಸಂಚಿಕೆ. ಎಷ್ಟೋ ಭೂಮಿಗಳು ಅಳಿಸಿಹೋಗಿ ಒಂದೇ ಉಳಿಯಿತು. 7ನೇ ಸಂಚಿಕೆಯಲ್ಲಿ ಸೂಪರ್‌ಗರ್ಲ್ ಸತ್ತಳು, 8ರಲ್ಲಿ ಬ್ಯಾರಿ ಅಲೆನ್. ಚಿತ್ರಗಳು ಇವತ್ತಿಗೂ ಕಣ್ಣಿಗೆ ಹಬ್ಬ.

ಆದರೆ ಮನೆ ಗುಡಿಸಲು ಹೋಗಿ ಕಸ ಜಾಸ್ತಿ ಮಾಡಿದ್ದು ಇದೇ ಪುಸ್ತಕ ಅನ್ನುವುದು ನನ್ನ ಅಭಿಪ್ರಾಯ. ಯಾಕೆಂದರೆ ಎಲ್ಲರ ಕಥೆಯನ್ನೂ ಒಂದೇ ದಿನ ಹೊಸದಾಗಿ ಶುರು ಮಾಡಲಿಲ್ಲ. ಸೂಪರ್‌ಮ್ಯಾನ್ 1986ರಲ್ಲಿ ಮತ್ತೆ ಹುಟ್ಟಿದ, ವಂಡರ್ ವುಮನ್ 1987ರಲ್ಲಿ. ಉಳಿದವರು ಹಳೆಯ ಕಥೆಯನ್ನೇ ಮುಂದುವರಿಸಿದರು. ಸೂಪರ್‌ಮ್ಯಾನ್ ಹುಡುಗನಾಗಿದ್ದಾಗ ಸೂಪರ್‌ಬಾಯ್ ಆಗಿರಲೇ ಇಲ್ಲ ಅಂತ ಜಾನ್ ಬರ್ನ್ ಬರೆದರು. ಆ ಸೂಪರ್‌ಬಾಯ್‌ನನ್ನೇ ಆದರ್ಶವಾಗಿಟ್ಟುಕೊಂಡು ಸಾವಿರ ವರ್ಷದ ಮುಂದೆ ಕಟ್ಟಿದ ‘ಲೀಜನ್’ ತಂಡ ಮಾತ್ರ ಹಾಗೇ ಉಳಿಯಿತು! ಮರುವರ್ಷವೇ ಅದಕ್ಕೊಂದು ತೇಪೆ ಹಾಕಬೇಕಾಯಿತು.

ನೀವು ಬರ್ನ್ ಅವರ ಆರು ಸಂಚಿಕೆಗಳ ‘ದಿ ಮ್ಯಾನ್ ಆಫ್ ಸ್ಟೀಲ್’ನಿಂದ ಶುರು ಮಾಡಿ. ಕ್ರೈಸಿಸ್ ಆಮೇಲೆ ನೋಡಿದರಾಯಿತು.

ಪ್ರಶ್ನೆ: ಗ್ರೀನ್ ಗಾಬ್ಲಿನ್ ಎಂಬ ಖಳ ಸೇತುವೆಯಿಂದ ತಳ್ಳಿದ ಗ್ವೆನ್ ಸ್ಟೇಸಿ ಸತ್ತಿದ್ದು ಅವಳ ಪ್ರಿಯಕರ ಸ್ಪೈಡರ್‌ಮ್ಯಾನ್‌ನ ಬಲೆಯಿಂದಲೇ ಅಂತ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೀರಿ. ಅಷ್ಟು ಎತ್ತರದಿಂದ ಬಿದ್ದರೆ ನೆಲ ಮುಟ್ಟುವ ಮೊದಲೇ ಸಾವು ಅಂತ ಗ್ರೀನ್ ಗಾಬ್ಲಿನ್ ತನ್ನ ಬಾಯಲ್ಲೇ ಹೇಳುತ್ತಾನಲ್ಲ? ಪಾಪದ ಪೀಟರ್ (ಸ್ಪೈಡರ್‌ಮ್ಯಾನ್‌ನ ನಿಜ ಹೆಸರು) ತಲೆಗೆ ಯಾಕೆ ಕಟ್ಟುತ್ತೀರಿ?
– ಫಿಸಿಕ್ಸ್ ಮೇಷ್ಟ್ರು, ಧಾರವಾಡ

ಮೇಷ್ಟ್ರೇ, ನೀವೇ ಹೀಗಂದರೆ ಹೇಗೆ? ವಿಮಾನದಿಂದ ಹಾರಿದವರು ಬೀಳುತ್ತಾ ಬೀಳುತ್ತಾ ಸಾಯುವುದಿಲ್ಲ. ಬೀಳುವುದರಿಂದ ಯಾರೂ ಸಾಯಲ್ಲ, ನಿಲ್ಲುವುದರಿಂದ ಸಾಯುತ್ತಾರೆ. ತೊಂಬತ್ತು ಮೀಟರ್ ಬಿದ್ದರು ಅಂತಿಟ್ಟುಕೊಳ್ಳಿ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 150 ಕಿಲೋಮೀಟರ್ ವೇಗ. ಅಷ್ಟು ವೇಗದಲ್ಲಿ ಬರುವ ಹುಡುಗಿಯ ಕಾಲಿಗೆ ಬಲೆ ಅಂಟಿ, ಅವಳು ತಟ್ಟನೆ ನಿಂತರೆ ಕುತ್ತಿಗೆ ಉಳಿಯುತ್ತಾ? ಜೇಮ್ಸ್ ಕಕಾಲಿಯೋಸ್ ಎಂಬ ಅಮೆರಿಕದ ಫಿಸಿಕ್ಸ್ ಪ್ರೊಫೆಸರ್ ಇದನ್ನೇ ಪಾಠಕ್ಕೆ ಇಟ್ಟುಕೊಂಡಿದ್ದಾರೆ.

ಈ ಕಥೆ ಬಂದಿದ್ದು 1973ರ ಜೂನ್ ತಿಂಗಳ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 121ರಲ್ಲಿ. ಗೆರ್ರಿ ಕಾನ್ವೇ ಬರೆದಿದ್ದು, ಗಿಲ್ ಕೇನ್ ಚಿತ್ರ. ಬಲೆ ಅವಳನ್ನು ಹಿಡಿದ ಚಿತ್ರದಲ್ಲಿ ಕುತ್ತಿಗೆಯ ಪಕ್ಕ ಪುಟ್ಟದಾಗಿ ‘ಸ್ನ್ಯಾಪ್’ ಅಂತ ಬರೆದಿದೆ. ಮೊದಲ ಸಲ ಓದುವಾಗ ಕಣ್ಣಿಗೇ ಬೀಳದಷ್ಟು ಚಿಕ್ಕದು. ಮುಂದೆ 125ನೇ ಸಂಚಿಕೆಯ ಪತ್ರಗಳ ಪುಟದಲ್ಲಿ ಸಂಪಾದಕರೇ ಒಪ್ಪಿಕೊಂಡರು: ತಟ್ಟನೆ ನಿಂತ ಜೋರಿಗೆ ಕುತ್ತಿಗೆಗೆ ಬಿದ್ದ ಪೆಟ್ಟೇ ಕಾರಣ. ಇನ್ನೊಂದು ಗುಂಪಿದೆ, ಅವಳು ಬೀಳುವ ಮೊದಲೇ ಸತ್ತಿದ್ದಳು ಅನ್ನುತ್ತದೆ. ಅವಳು ಆ ಸೇತುವೆಯ ಮೇಲೆ ಒಮ್ಮೆಯೂ ಕಣ್ಣು ಬಿಡುವುದಿಲ್ಲ, ನಿಜ. ಆದರೆ ಸತ್ತವಳ ಕುತ್ತಿಗೆಗೆ ‘ಸ್ನ್ಯಾಪ್’ ಬರೆಯುವ ಕಷ್ಟ ಯಾರಿಗೆ ಬೇಕು?

ಗಾಬ್ಲಿನ್ ಮಾತನ್ನು ನಂಬಿದರೆ ಪೀಟರ್ ಪಾರಾಗುತ್ತಾನೆ, ಕಥೆ ಮಾತ್ರ ಸೊರಗುತ್ತದೆ. ತಳ್ಳಿದವನು ಗಾಬ್ಲಿನ್, ಕೊಲೆಗಾರ ಅವನೇ. ಆದರೆ ಉಳಿಸಲು ಚಾಚಿದ ಕೈಯೇ ಸಾವಿಗೆ ಕಾರಣವಾಯಿತಲ್ಲ, ಆ ಸಂಕಟ ಹೋದರೆ ಅಲ್ಲಿ ಇನ್ನೇನು ಉಳಿಯುತ್ತೆ?

ಅಂದಹಾಗೆ ಸೇತುವೆ ಯಾವುದು ಅನ್ನುವ ಜಗಳವೂ ಇದೆ. ಬರಹದಲ್ಲಿ ಜಾರ್ಜ್ ವಾಷಿಂಗ್ಟನ್ ಸೇತುವೆ, ಚಿತ್ರ ನೋಡಿದರೆ ಬ್ರೂಕ್ಲಿನ್ ಸೇತುವೆ. ಅದಕ್ಕೆ ಕೈ ಹಾಕುವುದು ಬೇಡ, ಈ ಪತ್ರಿಕೆಯ ಪುಟ ಸಾಲದು.

ಪ್ರಶ್ನೆ: ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ಇದ್ದಿದ್ದು ‘ಡೆಂಕಾಲಿ’ ಕಾಡಿನಲ್ಲಿ. ಅಮೆರಿಕದಲ್ಲಿರುವ ಮೊಮ್ಮಗ ಬಂಗಲ್ಲಾ ಅಂತಾನೆ. ಯಾರು ಸರಿ?
– ನಿವೃತ್ತ ಪೋಸ್ಟ್‌ಮಾಸ್ಟರ್, ಶಿರಸಿ

ಇಬ್ಬರೂ ಸರಿ, ರಾಯರೇ. ಲೀ ಫಾಕ್ 1936ರಲ್ಲಿ ಶುರು ಮಾಡಿದಾಗ ಕಥೆ ನಮ್ಮ ಏಷ್ಯಾ ಕಡೆಯೇ ಇತ್ತು, ಆಮೇಲೆ ಮೆಲ್ಲಗೆ ಆಫ್ರಿಕಾಕ್ಕೆ ಸರಿಯಿತು. ಕಾಡಿನ ಹೆಸರೂ ಬಂಗಾಲಿ, ಬಂಗಲ್ಲಾ ಅಂತ ಓಡಾಡಿತು. 1964ರಲ್ಲಿ ಇಂದ್ರಜಾಲ ಶುರುವಾದ ಮೇಲೆ ನಮ್ಮ ಓದುಗರಿಗಾಗಿ ಬಂಗಾಲಿ ಹೋಗಿ ಡೆಂಕಾಲಿ ಆಯಿತು, ‘ಸಿಂಗ್’ ಕಡಲ್ಗಳ್ಳರು ‘ಸಿಂಗಾ’ ಆದರು. ಹಡಗು ದೋಚುವವರಿಗೆ ನಮ್ಮವರ ಹೆಸರು ಇಟ್ಟರೆ ಇಲ್ಲಿ ಮಾರುವುದು ಹೇಗೆ? ಫ್ಯಾಂಟಮ್‌ನ ಕಾಡಿನಲ್ಲಿ ಹುಲಿಯೂ ಸಿಂಹವೂ ಒಟ್ಟಿಗೆ ಇರುವುದಕ್ಕೆ ಈ ಊರು ಬದಲಾಯಿಸಿದ್ದೇ ಕಾರಣ ಅಂತ ನನಗನಿಸುತ್ತದೆ. ಮೊಮ್ಮಗನಿಗೆ ಹೇಳಿ.

ಪ್ರಶ್ನೆ: ಡೊನ್ನಾ ಟ್ರಾಯ್ ಯಾರು? ಮೂರು ಪುಸ್ತಕ ಓದಿದೆ, ಮೂರರಲ್ಲೂ ಬೇರೆ ಬೇರೆ ಹುಟ್ಟಿನ ಕಥೆ. ತಲೆ ಕೆಟ್ಟಿದೆ ಅಕ್ಕಾ.
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಈ ಪ್ರಶ್ನೆ ಯಾವಾಗ ಬರುತ್ತೆ ಅಂತ ಕಾಯುತ್ತಿದ್ದೆ ತಂಗಿ.

ಮೊದಲು, ಡೊನ್ನಾ ಅಂದರೆ ಟೀನ್ ಟೈಟನ್ಸ್ ತಂಡದ ವಂಡರ್ ಗರ್ಲ್, ಅವಳು ಹುಟ್ಟಿದ್ದೇ ಒಂದು ಎಡವಟ್ಟಿನಿಂದ. ಅರವತ್ತರ ದಶಕದ ಹೊತ್ತಿಗೆ ವಂಡರ್ ವುಮನ್ ಪುಸ್ತಕದಲ್ಲಿ ‘ವಂಡರ್ ಗರ್ಲ್’ ಅಂತ ಒಬ್ಬಳು ಬರುತ್ತಿದ್ದಳು. ಅವಳು ಬೇರೆ ಯಾರೂ ಅಲ್ಲ, ವಂಡರ್ ವುಮನ್ನೇ, ಹುಡುಗಿಯಾಗಿದ್ದಾಗ. ಕೆಲವು ಕಥೆಗಳಲ್ಲಿ ದೊಡ್ಡವಳೂ ಚಿಕ್ಕವಳೂ ಜೊತೆಗೇ ಕಾಣಿಸಿಕೊಳ್ಳುತ್ತಿದ್ದರು. ಅಮ್ಮ ಹಿಪ್ಪೋಲಿಟಾ ಹಳೆಯ ಫಿಲ್ಮಿನ ತುಂಡುಗಳನ್ನು ಜೋಡಿಸಿ ತೋರಿಸುವ ‘ಅಸಾಧ್ಯ ಕಥೆ’ಗಳು ಅವು. 1965ರಲ್ಲಿ ಬಾಬ್ ಹೇನಿ ಹುಡುಗ ಹೀರೋಗಳ ತಂಡ ‘ಟೀನ್ ಟೈಟನ್ಸ್’ ಕಟ್ಟುವಾಗ ಒಬ್ಬ ಹುಡುಗಿ ಬೇಕಿತ್ತು. ವಂಡರ್ ಗರ್ಲ್‌ಳನ್ನು ಕರೆದು ಸೇರಿಸಿಬಿಟ್ಟರು. ವಂಡರ್ ವುಮನ್‌ನ ಬಾಲ್ಯವೇ ವಂಡರ್ ವುಮನ್ ಕಾಲದಲ್ಲಿ ಬ್ಯಾಟ್‌ಮ್ಯಾನ್‌ನ ಜೊತೆಗಾರ ರಾಬಿನ್ ಜೊತೆ ಕೂತು ಹರಟೆ ಹೊಡೆಯಿತು! ನಾಲ್ಕು ವರ್ಷ ಯಾರೂ ಉತ್ತರ ಕೊಡಲಿಲ್ಲ.

1969ರಲ್ಲಿ ಹೊಸ ಹುಡುಗ ಮಾರ್ವ್ ವುಲ್ಫ್‌ಮನ್ ಉತ್ತರ ಬರೆದರು. ಟೀನ್ ಟೈಟನ್ಸ್ 22ನೇ ಸಂಚಿಕೆ. ಬೆಂಕಿ ಬಿದ್ದ ಕಟ್ಟಡದಿಂದ ವಂಡರ್ ವುಮನ್ ಉಳಿಸಿ ತನ್ನೂರಾದ ಅಮೆಜಾನ್ ಯೋಧೆಯರ ದ್ವೀಪಕ್ಕೆ ತಂದ ಅನಾಥ ಮಗು ಅವಳು. ಹೆಸರು ಡೊನ್ನಾ ಟ್ರಾಯ್. ಚಿಕ್ಕ ಕಥೆ, ಕೆಲಸ ಮುಗಿಯಿತು.

ಮುಂದಿನದು ಇನ್ನೂ ಚೆಂದ. 1984ರಲ್ಲಿ ಅದೇ ವುಲ್ಫ್‌ಮನ್, ಜಾರ್ಜ್ ಪೆರೇಜ್ ಜೊತೆ ಸೇರಿ ‘ನ್ಯೂ ಟೀನ್ ಟೈಟನ್ಸ್’ 38ರಲ್ಲಿ ಆ ಮಗು ಯಾರು ಅಂತ ಹುಡುಕಿದರು. ಹೊಡೆದಾಟ ಇಲ್ಲ, ಖಳನಾಯಕ ಇಲ್ಲ. ರಾಬಿನ್ ಆಗಿದ್ದ ಡಿಕ್ ಗ್ರೇಸನ್ ತನ್ನ ಗೆಳತಿಗಾಗಿ ಒಂದು ಸುಟ್ಟ ಬೊಂಬೆಯ ಜಾಡು ಹಿಡಿದು ಊರೂರು ಅಲೆಯುತ್ತಾನೆ. ಕೊನೆಗೆ ಅವಳನ್ನು ಸಾಕಿದ್ದ ತಾಯಿ ಸಿಗುತ್ತಾಳೆ. ಅಷ್ಟೇ ಕಥೆ. ಸೂಪರ್‌ಹೀರೋ ಪುಸ್ತಕ ಮುಟ್ಟದವರಿಗೂ ನಾನು ಕೊಡುವ ಸಂಚಿಕೆ ಇದು.

ಮುಂದಿನ ವರ್ಷವೇ ಕ್ರೈಸಿಸ್ ಬಂತು. ಬರೆದವರು ಯಾರು? ವುಲ್ಫ್‌ಮನ್ ಮತ್ತು ಪೆರೇಜ್. 1987ರಲ್ಲಿ ವಂಡರ್ ವುಮನ್‌ಳನ್ನು ಹೊಸದಾಗಿ ಶುರು ಮಾಡಿದವರು ಯಾರು? ಪೆರೇಜ್. ಈ ಹೊಸ ಕಥೆಯಲ್ಲಿ ಡಯಾನಾ (ವಂಡರ್ ವುಮನ್‌ಳ ನಿಜ ಹೆಸರು) ದ್ವೀಪ ಬಿಟ್ಟು ನಮ್ಮ ಲೋಕಕ್ಕೆ ಬರುವುದೇ ಮೊದಲ ಸಲ. ಅಷ್ಟೊತ್ತಿಗೆ ಡೊನ್ನಾ ಬೆಳೆದು ಮದುವೆಯಾಗಿ ಕೂತಿದ್ದಾಳೆ! ಇನ್ನೂ ಬಾರದವಳು ಬೆಂಕಿಯಿಂದ ಮಗುವನ್ನು ಎತ್ತಿಕೊಂಡು ಹೋಗಿದ್ದು ಹೇಗೆ? ತಾವೇ ಕಟ್ಟಿದ ಅತ್ಯುತ್ತಮ ಕಥೆಯ ಬುಡವನ್ನು ತಾವೇ ಕಡಿದರು.

ಆಮೇಲೆ ಬಂದದ್ದೆಲ್ಲ ತೇಪೆ. ಎಂಬತ್ತರ ದಶಕದ ಕೊನೆಗೆ, ಉಳಿಸಿದ್ದು ವಂಡರ್ ವುಮನ್ ಅಲ್ಲ, ಗ್ರೀಕ್ ಪುರಾಣದ ಟೈಟನ್ ದೇವತೆಗಳು ಅಂತಾಯಿತು. ತೊಂಬತ್ತರ ದಶಕದಲ್ಲಿ ಜಾನ್ ಬರ್ನ್ ಬಂದು, ಡೊನ್ನಾ ಅಂದರೆ ಒಂಟಿಯಾಗಿದ್ದ ಪುಟ್ಟ ಡಯಾನಾಗೆ ಆಟಕ್ಕೆಂದು ಮಂತ್ರದಿಂದ ಮಾಡಿದ ಪ್ರತಿಬಿಂಬ ಅಂದರು. ಅವಳನ್ನು ಹಿಡಿದು ಶಾಪ ಕೊಟ್ಟಿದ್ದರಿಂದ ಮತ್ತೆ ಮತ್ತೆ ಹುಟ್ಟಿ ಕಷ್ಟಪಡುತ್ತಾಳೆ ಅಂತ. ಒಂದು ಲೆಕ್ಕದಲ್ಲಿ ಬರ್ನ್ ಮಾಡಿದ್ದು ಬುದ್ಧಿವಂತಿಕೆ, ಹಳೆಯ ಎಲ್ಲ ಹುಟ್ಟುಗಳೂ ಒಂದು ಶಾಪದೊಳಗೆ ಹಿಡಿಯುತ್ತವೆ. ಆದರೆ ಆ ಬೊಂಬೆ ಹಿಡಿದು ಅಲೆದ ಗೆಳೆಯನ ಶ್ರಮ ನೀರಲ್ಲಿ ಹೋಯಿತಲ್ಲ.

38ನೇ ಸಂಚಿಕೆ ಓದಿ, ಅಲ್ಲಿಗೇ ನಿಲ್ಲಿಸಿ. ಅದೇ ಡೊನ್ನಾ. ಮುಂದಿನವರು ಏನೇ ಬರೆಯಲಿ.

ಪ್ರಶ್ನೆ: ಹಲ್ಕ್‌ನ ಹೆಸರು ಬ್ರೂಸ್ ಬ್ಯಾನರ್. ಒಂದು ಹಳೆಯ ಪುಸ್ತಕದಲ್ಲಿ ಬಾಬ್ ಬ್ಯಾನರ್ ಅಂತಿದೆ. ಪ್ರಿಂಟಿಂಗ್ ತಪ್ಪಾ?
– ತುಮಕೂರು

ಪ್ರೆಸ್ಸಿನ ತಪ್ಪಲ್ಲ, ಕಥೆ ಬರೆದ ಸ್ಟ್ಯಾನ್ ಲೀ ಮರೆತಿದ್ದು. ಫೆಂಟಾಸ್ಟಿಕ್ ಫೋರ್ 25, 1964. ಓದುಗರು ಹಿಡಿದರು. ಅವನ ಪೂರ್ತಿ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್ ಅಂತ ಲೀ ಸಮಜಾಯಿಷಿ ಕೊಟ್ಟರು, ಅದೇ ಇವತ್ತಿಗೂ ನಿಂತಿದೆ. ಅಮೇಜಿಂಗ್ ಸ್ಪೈಡರ್‌ಮ್ಯಾನ್ ಮೊದಲ ಸಂಚಿಕೆಯಲ್ಲೇ ಪೀಟರ್ ಪಾರ್ಕರ್ ‘ಪೀಟರ್ ಪಾಮರ್’ ಆಗಿದ್ದಾನೆ, ನೋಡಿ.

ಪ್ರಶ್ನೆ: 1962ರಲ್ಲಿ ಹೈಸ್ಕೂಲಿನಲ್ಲಿದ್ದ ಸ್ಪೈಡರ್‌ಮ್ಯಾನ್‌ಗೆ ಈಗ ಎಷ್ಟು ವಯಸ್ಸು? ನೀವು ವಿಮೆ ಕಚೇರಿಯಲ್ಲಿದ್ದವರು, ಲೆಕ್ಕ ಹಾಕಿ ಹೇಳಿ.
– ಹಳೆಯ ಸಹೋದ್ಯೋಗಿ, ಮೈಸೂರು

ಕೈ ಬರಹ ನೋಡಿಯೇ ಗೊತ್ತಾಯಿತು ಸಾರ್, ನೀವ್ಯಾರು ಅಂತ. ಏಜ್ ಪ್ರೂಫ್ ಇಲ್ಲದ ಫಾರ್ಮನ್ನು ನಾನು ವಾಪಸ್ ಕಳಿಸುತ್ತಿದ್ದದ್ದು ನಿಮಗೂ ನೆನಪಿರಬೇಕು.

ಆಗ ಹದಿನೈದು ಅಂತ ಹಿಡಿದರೆ ಈಗ ಎಂಬತ್ತರ ಹತ್ತಿರ. ಪ್ರೀಮಿಯಂ ಯಾರೂ ಕೊಡಲಾರರು. ಮಾರ್ವೆಲ್ ಕಂಪನಿಯ ಉಪಾಯ ಇದು: ಮೊದಲ ಕಥೆ ಯಾವಾಗಲೂ ‘ಕೆಲವೇ ವರ್ಷದ ಹಿಂದೆ’ ನಡೆದದ್ದು. ವರ್ಷ ಉರುಳಿದ ಹಾಗೆ ಆರಂಭವೂ ಮುಂದಕ್ಕೆ ಜರುಗುತ್ತದೆ. 1963ರ ಐರನ್ ಮ್ಯಾನ್ ಗಾಯಗೊಂಡಿದ್ದು ವಿಯೆಟ್ನಾಂನಲ್ಲಿ, ಮುಂದೆ ಅದು ಅಫ್ಘಾನಿಸ್ತಾನ ಆಯಿತು. 2019ರಲ್ಲಿ ಯಾವ ಭೂಪಟದಲ್ಲೂ ಇಲ್ಲದ ‘ಸಿಯಾನ್‌ಕಾಂಗ್’ ಎಂಬ ದೇಶವನ್ನೇ ಹುಟ್ಟಿಸಿದರು. ಇನ್ನು ಎಷ್ಟು ವರ್ಷ ಕಳೆದರೂ ಯುದ್ಧ ಅಲ್ಲೇ ನಡೆದಿರುತ್ತೆ.

ಜರುಗಿಸಲು ಆಗದವನು ಎಕ್ಸ್‌ಮೆನ್ ಕಥೆಗಳ ಮ್ಯಾಗ್ನೆಟೋ. ಅವನು ನಾಜಿಗಳ ಆಶ್‌ವಿಟ್ಸ್ ಶಿಬಿರದಿಂದ ಉಳಿದು ಬಂದವನು. ಅದನ್ನು ಬೇರೆ ಕಾಲಕ್ಕೆ ಎಳೆಯಲು ಸಾಧ್ಯವಿಲ್ಲ, ಎಳೆಯಲೂಬಾರದು. ಅವನ ದೇಹ ಮಾತ್ರ ಹೇಗೆ ಗಟ್ಟಿಯಾಗಿದೆ? 1974ರ ಒಂದು ಡಿಫೆಂಡರ್ಸ್ ಕಥೆಯಲ್ಲಿ ಅವನನ್ನು ಹಸುಗೂಸು ಮಾಡಿಬಿಟ್ಟಿದ್ದರು. ಮೂರು ವರ್ಷದ ಮೇಲೆ ಇನ್ನೊಬ್ಬರು ಮತ್ತೆ ದೊಡ್ಡವನನ್ನು ಮಾಡಿದರು, ಆದರೆ ಯುವಕನಾಗಿ. ಆಶ್‌ವಿಟ್ಸ್ ವಿಷಯವನ್ನು ಎಕ್ಸ್‌ಮೆನ್ ಬರಹಗಾರ ಕ್ರಿಸ್ ಕ್ಲೇರ್‌ಮಾಂಟ್ ಬರೆದಿದ್ದು ಅದಕ್ಕೂ ಆಮೇಲೆ, ಎಂಬತ್ತರ ದಶಕದಲ್ಲಿ. ಸುಮ್ನೆ ಬರೆದ ಒಂದು ಪೆದ್ದು ಕಥೆ ಮುಂದೆ ಇಂಥ ದೊಡ್ಡ ಪಾತ್ರವನ್ನು ಉಳಿಸಿತು.

ಪ್ರಶ್ನೆ: ದೊಡ್ಡವರೆಲ್ಲ ಕೂತು, ಇಲ್ಲದೇ ಇರುವವರ ಬಗ್ಗೆ ಇಷ್ಟೊಂದು ವಾದ ಮಾಡುವುದು ಯಾಕೆ?
– ಕುಂದಾಪುರ

ನಿಮ್ಮೂರಿನಲ್ಲಿ ರಾತ್ರಿಯಿಡೀ ತಾಳಮದ್ದಳೆ ಕೇಳುವವರು ಇದನ್ನು ಕೇಳಬಾರದು. ವಾಲಿಯನ್ನು ಮರೆಯಿಂದ ಹೊಡೆದದ್ದು ಸರಿಯಾ ಅಂತ ಅರ್ಥಧಾರಿಗಳು ಬೆಳಗಿನ ಜಾವದವರೆಗೆ ಎಳೆಯುವಾಗ ನೀವೇ ಚಪ್ಪಾಳೆ ಹೊಡೆಯುತ್ತೀರಿ. ಇದೂ ಅದೇ.

ಪ್ರಶ್ನೆ: ಮೇಡಂ, ಸತ್ತ ಎಕ್ಸ್‌ಮೆನ್ ನಾಯಕಿ ಜೀನ್ ಗ್ರೇ ವಾಪಸ್ ಬಂದದ್ದು ನನಗೆ ಖುಷಿ. ಅವಳ ಪ್ರೇಮಿ ಸ್ಕಾಟ್‌ನನ್ನು ಮಾತ್ರ ಎಲ್ಲರೂ ಬೈತಾರೆ. ಹಳೆಯ ಪ್ರೀತಿ ತಿರುಗಿ ಬಂದರೆ ಯಾರೇ ಆದರೂ ಓಡಲ್ವಾ?
– ನ್ಯೂಜೆರ್ಸಿಯ ಕನ್ನಡಿಗ

ಓಡುತ್ತಾರೆ. ಮನೆಯಲ್ಲಿ ಹೆಂಡತಿ, ಎಳೆಗೂಸು ಇದ್ದರೆ ಒಂದು ಮಾತು ಹೇಳಿ ಓಡುತ್ತಾರೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿಂದಿನದು. ಎಕ್ಸ್‌ಮೆನ್ 137, 1980. ಫೀನಿಕ್ಸ್ ಎಂಬ ಅಲೌಕಿಕ ಶಕ್ತಿ ತುಂಬಿಕೊಂಡ ಜೀನ್ ಒಂದು ಸೂರ್ಯನನ್ನೇ ನುಂಗಿ, ಐನೂರು ಕೋಟಿ ಜೀವಗಳಿದ್ದ ಗ್ರಹವನ್ನು ಸುಟ್ಟಿರುತ್ತಾಳೆ. ಕ್ಲೇರ್‌ಮಾಂಟ್ ಮತ್ತು ಬರ್ನ್ ಮೊದಲು ಬರೆದದ್ದು ಅವಳ ಶಕ್ತಿ ಕಿತ್ತುಕೊಂಡು ಮನೆಗೆ ಕಳಿಸುವ ಕೊನೆ. ಮುಖ್ಯ ಸಂಪಾದಕ ಜಿಮ್ ಶೂಟರ್ ಒಪ್ಪಲಿಲ್ಲ. ಅಷ್ಟು ಜನರನ್ನು ಕೊಂದವಳಿಗೆ ಇಷ್ಟೇ ಶಿಕ್ಷೆಯಾ ಅಂದರು. ಕೊನೆಯನ್ನು ಬದಲಾಯಿಸಿ ಅವಳನ್ನು ಸಾಯಿಸಿದರು. ಆ ಸಾವೇ ಕಥೆಯನ್ನು ದೊಡ್ಡದು ಮಾಡಿತು.

1986ರಲ್ಲಿ ಮೊದಲ ಎಕ್ಸ್‌ಮೆನ್ ತಂಡದ ಐವರನ್ನು ಸೇರಿಸಿ ‘ಎಕ್ಸ್-ಫ್ಯಾಕ್ಟರ್’ ತರಬೇಕಿತ್ತು, ಜೀನ್ ಬೇಕಾದಳು. ಕೊಲೆಪಾತಕಿಯನ್ನು ತರುವುದು ಹೇಗೆ? ದಾರಿ ತೋರಿಸಿದ್ದು ಒಬ್ಬ ಅಭಿಮಾನಿಯ ಹರಟೆ. ಕರ್ಟ್ ಬ್ಯುಸಿಕ್ ಓದುಗನಾಗಿದ್ದಾಗಲೇ ಒಂದು ಲೆಕ್ಕ ಹಾಕಿದ್ದರು: ಕೊಂದದ್ದೂ ಸತ್ತದ್ದೂ ಜೀನ್ ಅಲ್ಲ, ಅವಳ ರೂಪ ತಾಳಿದ ಫೀನಿಕ್ಸ್. ನಿಜವಾದ ಜೀನ್ ನ್ಯೂಯಾರ್ಕಿನ ಜಮೈಕಾ ಬೇ ನೀರಿನಡಿ ಒಂದು ಗೂಡಿನೊಳಗೆ ಮಲಗಿದ್ದಾಳೆ. ಇದು ಬರಹಗಾರ ರೋಜರ್ ಸ್ಟರ್ನ್ ಕಿವಿಗೆ ಬಿತ್ತು, ಅವರಿಂದ ಬರ್ನ್‌ಗೆ ಹೋಯಿತು, ಪುಸ್ತಕಕ್ಕೆ ಬಂತು. ಆ ಬ್ಯುಸಿಕ್ ಮುಂದೆ ದೊಡ್ಡ ಬರಹಗಾರರಾದರು. ಉಪಾಯ ಜಾಣತನದ್ದು, ಒಪ್ಪುತ್ತೇನೆ.

ಆದರೆ ಇಷ್ಟರಲ್ಲಿ ಸ್ಕಾಟ್ ಅಲಾಸ್ಕಾದ ಪೈಲಟ್ ಮ್ಯಾಡೆಲಿನ್ ಪ್ರಯರ್‌ಳನ್ನು ಮದುವೆಯಾಗಿದ್ದ. ನೋಡಲು ಥೇಟ್ ಜೀನ್. ಒಂದು ಮಗುವೂ ಆಗಿತ್ತು. ಕ್ಲೇರ್‌ಮಾಂಟ್ ಅವನಿಗೆ ನೆಮ್ಮದಿಯ ನಿವೃತ್ತಿ ಕೊಟ್ಟು ಕಳಿಸಬೇಕು ಅಂತಿದ್ದರು. ಎಕ್ಸ್-ಫ್ಯಾಕ್ಟರ್ ಮೊದಲ ಸಂಚಿಕೆಯಲ್ಲಿ ಒಂದು ಫೋನ್ ಬರುತ್ತದೆ, ಆಸಾಮಿ ಎದ್ದು ಹೊರಟ. ಜೀನ್ ಮುಂದೆ ನಿಂತು ತನಗೆ ಮದುವೆಯಾಗಿದೆ ಅಂತಲೂ ಬಾಯಿ ಬಿಡಲಿಲ್ಲ.

ಓದುಗರು ಸಿಟ್ಟಾದರು. ಆಗ ಸ್ಕಾಟ್‌ನನ್ನು ತಿದ್ದಬಹುದಿತ್ತು, ಅವನು ವಾಪಸ್ ಹೋಗಿ ಕ್ಷಮೆ ಕೇಳಬಹುದಿತ್ತು. ಅದು ಬಿಟ್ಟು ಹೆಂಡತಿಯನ್ನೇ ತಿದ್ದಿದರು. 1989ರ ಹೊತ್ತಿಗೆ ಮ್ಯಾಡೆಲಿನ್ ಅಂದರೆ ಒಬ್ಬ ಖಳ ತಯಾರಿಸಿದ ಜೀನ್‌ಳ ಕ್ಲೋನ್ (ತದ್ರೂಪಿ), ಮೇಲಿಂದ ರಾಕ್ಷಸಿ. ಸತ್ತೂ ಹೋದಳು. ಹೆಂಡತಿ ಕ್ಲೋನ್ ಅಂದುಬಿಟ್ಟರೆ ಬಿಟ್ಟು ಬಂದವನ ತಪ್ಪು ತೊಳೆದುಹೋಗುತ್ತಾ? ಆ ಮಗುವಿಗೆ ರಾತ್ರಿ ಹಾಲು ಕೊಟ್ಟವಳು ಯಾರು, ಕ್ಲೋನಾ? ಬ್ಯಾನರ್‌ಗೆ ಇನ್ನೊಂದು ಹೆಸರು ಇಟ್ಟಿದ್ದು ನನಗೆ ನಗು ತರಿಸುತ್ತದೆ, ಇದು ಸಿಟ್ಟು ತರಿಸುತ್ತದೆ. ಅಲ್ಲಿ ಬರೆದವರು ತಮ್ಮ ತಪ್ಪು ಮುಚ್ಚಿಕೊಂಡರು. ಇಲ್ಲಿ ಒಬ್ಬ ಗಂಡಸಿನ ತಪ್ಪು ಮುಚ್ಚಲು ಒಬ್ಬ ಹೆಂಗಸನ್ನು ಬಲಿ ಕೊಟ್ಟರು.

ನಿಮ್ಮ ಖುಷಿ ನಿಮಗಿರಲಿ. ಎಕ್ಸ್-ಫ್ಯಾಕ್ಟರ್ ಮೊದಲ ಸಂಚಿಕೆಯನ್ನು ಮ್ಯಾಡೆಲಿನ್ ಕಡೆಯಿಂದ ಇನ್ನೊಮ್ಮೆ ಓದಿ, ಆಮೇಲೆ ಬರೆಯಿರಿ.

ಪ್ರಶ್ನೆ: ಸತ್ತ ಎರಡನೇ ರಾಬಿನ್, ಜೇಸನ್ ಟಾಡ್, ಹೇಗೆ ಬದುಕಿ ಬಂದ? ನಮ್ಮೆಜಮಾನರು ಹೇಳಿದ್ದನ್ನು ನಂಬಲು ಆಗುತ್ತಿಲ್ಲ.
– ಗೃಹಿಣಿ, ದಾವಣಗೆರೆ

ನಿಮ್ಮೆಜಮಾನರು ಸುಳ್ಳು ಹೇಳಿಲ್ಲಮ್ಮ. 1988ರಲ್ಲಿ ಓದುಗರು ಫೋನಿನಲ್ಲಿ ವೋಟು ಹಾಕಿ ಅವನನ್ನು ಸಾಯಿಸಿದರು: ಸಾಯಲಿ ಅಂತ 5,343, ಬದುಕಲಿ ಅಂತ 5,271. ಎಪ್ಪತ್ತೆರಡು ಮತದ ಅಂತರ. ಸುಮಾರು ಹದಿನೇಳು ವರ್ಷದ ಮೇಲೆ ತಿರುಗಿ ತಂದಾಗ ಕೊಟ್ಟ ಕಾರಣ, ಬೇರೆ ಭೂಮಿಯ ಒಬ್ಬ ಸೂಪರ್‌ಬಾಯ್ ಸಿಟ್ಟಿನಿಂದ ವಾಸ್ತವದ ಗೋಡೆಗೆ ಗುದ್ದಿದ, ಆ ಗುದ್ದಿಗೆ ಸಮಾಧಿಯಲ್ಲಿದ್ದವನು ಎದ್ದ. ಹೌದು, ಅಚ್ಚಾಗಿದೆ. ಬದುಕಿ ಬಂದ ಮೇಲಿನ ಜೇಸನ್ ಕಥೆ ಚೆನ್ನಾಗಿದೆ, ಗೋಡೆಯ ವಿಷಯ ಯಾರೂ ಎತ್ತಬಾರದು ಅಷ್ಟೇ.

ಪ್ರಶ್ನೆ: 1938ರಲ್ಲಿ ಕ್ಲಾರ್ಕ್ ಕೆಂಟ್ (ಸೂಪರ್‌ಮ್ಯಾನ್) ಸೇರಿದ ಪತ್ರಿಕೆ ‘ಡೈಲಿ ಸ್ಟಾರ್’, ಆಮೇಲೆ ‘ಡೈಲಿ ಪ್ಲಾನೆಟ್’. ನನ್ನ ವಿವರಣೆ: ಸ್ಟಾರ್ ನಷ್ಟಕ್ಕೆ ಬಿದ್ದು ಪ್ಲಾನೆಟ್‌ನವರು ಕೊಂಡುಕೊಂಡರು. ತಪ್ಪು ಹಿಡಿದು ಸಮಜಾಯಿಷಿಯನ್ನೂ ಕೊಟ್ಟವರಿಗೆ ಬಹುಮಾನ ಇದೆಯಂತಲ್ಲ?
– ಕಲಬುರಗಿ

ಒಳ್ಳೆಯ ವಿವರಣೆ, ಆದರೆ ನಿಲ್ಲಲ್ಲ. ಡಿಸಿಯವರು ಇದಕ್ಕೆ ಮೊದಲೇ ಉತ್ತರ ಕೊಟ್ಟಿದ್ದಾರೆ. ಆ ಹಳೆಯ ಸೂಪರ್‌ಮ್ಯಾನ್ ಎರಡನೇ ಭೂಮಿಯವನು, ಅಂದರೆ ಮೇಲೆ ಹೇಳಿದ ಜೇ ಗ್ಯಾರಿಕ್‌ನ ಭೂಮಿ. ಅಲ್ಲಿ ಡೈಲಿ ಸ್ಟಾರ್ ಮುಚ್ಚಲೇ ಇಲ್ಲ, ನಮ್ಮ ಕ್ಲಾರ್ಕ್ ಅದರ ಸಂಪಾದಕನೇ ಆದ. 1978ರ ‘ಆ್ಯಕ್ಷನ್ ಕಾಮಿಕ್ಸ್’ 484ರಲ್ಲಿ ಆ ಭೂಮಿಯ ಲೋಯಿಸ್‌ಳನ್ನು ಮದುವೆಯೂ ಆಗುತ್ತಾನೆ.

ಬಹುಮಾನ ಕೊಡುತ್ತಿದ್ದದ್ದು ಮಾರ್ವೆಲ್, ಡಿಸಿ ಅಲ್ಲ. ಅದೂ ‘ನೋ-ಪ್ರೈಜ್’: ಗೆದ್ದವರಿಗೆ ಅಭಿನಂದನೆ ಅಚ್ಚು ಹಾಕಿದ ಖಾಲಿ ಲಕೋಟೆ. ನಿಮಗೂ ಒಂದು ಕಳಿಸೋಣ ಅಂದರೆ ನೀವು ವಿಳಾಸವನ್ನೇ ಬರೆದಿಲ್ಲ.